ಸಿಮೆಂಟ್ ಸೀಮೆಯ ಹಳೆ ಕಾರು: ತುಕ್ಕು ಹುಟ್ಟುವುದು ಒಳಗೆ

ಕಡಲು ನೂರಾರು ಕಿಲೋಮೀಟರ್ ದೂರ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಸಿಮೆಂಟ್ ಕಾರ್ಖಾನೆಗಳ ಸೇಡಂ, ಚಿತ್ತಾಪುರದ ಕಡೆ ಕಾರಿಗೆ ತುಕ್ಕಿನ ಭಯವಿಲ್ಲ ಎಂದರೆ ಯಾರಾದರೂ ನಂಬಿಯಾರು. ಮಂಗಳೂರಿನ ಉಪ್ಪುಗಾಳಿಯ ಎದುರಿಗಿಟ್ಟರೆ ಅದು ಅರ್ಧ ನಿಜವೂ ಹೌದು. ಆದರೆ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಆಗಲಿ, ಅದಕ್ಕೂ ಮೊದಲೇ ಮರೆಯಾದ ಪ್ರೀಮಿಯರ್ ಪದ್ಮಿನಿಯಾಗಲಿ ಜೀಪಿನಂತೆ ಬೇರೆ ಚಾಸಿಯ ಮೇಲೆ ಕೂತ ಗಾಡಿಗಳಲ್ಲ. ಬಾಡಿಯೇ ಅವುಗಳ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ, ನೆಲದ ಅಡ್ಡಪಟ್ಟಿಗಳು ತಗಡು ಮಡಿಸಿ ಬೆಸೆದ ಟೊಳ್ಳುಗಳು. ಭಾರ ಹೊರುವುದೂ ಅವೇ, ಗಾಳಿಯಾಡದೆ ಕೊಳೆಯುವುದೂ ಅವೇ. ಹಾಗಾಗಿ ರೆಸ್ಟೋರೇಶನ್‌ಗೆ ಎತ್ತಿಟ್ಟ ಹಣದ ಮೊದಲ ಪಾಲು ಹೊರಗಿನ ಹೊಳಪಿಗಲ್ಲ, ಈ ಟೊಳ್ಳುಗಳಿಗೆ ಸಲ್ಲಬೇಕು.

ಇದಕ್ಕೆ ಜಾಣ ಆಕ್ಷೇಪವೊಂದಿದೆ. ಕಾಂಕ್ರೀಟಿನೊಳಗಿನ ಸರಳನ್ನು ತುಕ್ಕಿನಿಂದ ಕಾಯುವುದು ಸಿಮೆಂಟಿನ ಕ್ಷಾರವೇ; ಹಾಗಿದ್ದಮೇಲೆ ಈ ಟೊಳ್ಳುಗಳಲ್ಲಿ ಕೂರುವ ವಾಡಿಯ ಸಿಮೆಂಟ್ ಧೂಳು ಕಾರಿಗೆ ಒಳ್ಳೆಯದೇ ಅಲ್ಲವೇ? ಅಲ್ಲ. ಸರಳನ್ನು ಕಾಯುವುದು ಪಿಎಚ್ 12ಕ್ಕೂ ಮೇಲಿದ್ದು, ಸಂದಿಲ್ಲದೆ ಅಪ್ಪಿಕೊಂಡ ಗಟ್ಟಿ ಕಾಂಕ್ರೀಟು. ಸಡಿಲವಾಗಿ ಕೂತ ಸಿಮೆಂಟ್ ಧೂಳು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಆ ಕ್ಷಾರವನ್ನು ಕಳೆದುಕೊಳ್ಳುತ್ತದೆ. ಶಹಾಬಾದ್ ಕಲ್ಲಿನ ಧೂಳಂತೂ ಬರೀ ಸುಣ್ಣಕಲ್ಲು, ಅದಕ್ಕೆ ಮೊದಲಿಂದಲೂ ಅಷ್ಟು ಕ್ಷಾರವಿಲ್ಲ. ಕೊನೆಗೆ ಉಳಿಯುವುದು ತೇವ ಹಿಡಿದಿಡುವ ಗುಣವೊಂದೇ. ಚಿಂಚೋಳಿ ಕಡೆಯ ಎರೆಮಣ್ಣು ಸೇರಿಕೊಂಡರೆ ಕೇಳುವುದೇ ಬೇಡ: ಮಳೆ ನಿಂತು ಹೊರಗಿನ ತಗಡು ಗಂಟೆಯೊಳಗೆ ಒಣಗಿದರೂ ಒಳಗಿನ ಕೆಸರು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಹೊರಮೈಗೆ ಕಡಿಮೆ ಖರ್ಚು ಮಾಡಿದರೆ, ಬಣ್ಣ ಪೂರ್ತಿ ಕೆರೆಯದೆ ಹಳೆಯ ಪುಟ್ಟಿಯಡಿಯ ತೂತು ಕಾಣುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಪುಟ್ಟಿ ದಪ್ಪಗಿರುವಲ್ಲಿ ಅಯಸ್ಕಾಂತ ಹಿಡಿಯದು, ಅಲ್ಲಿ ಕೆರೆಯಲೇಬೇಕು. ಆದರೆ ಗಟ್ಟಿಯಾಗಿ ನಿಂತ ಹಳೆಯ ಬಣ್ಣವನ್ನೂ ಹಟಕ್ಕೆ ಬಿದ್ದು ತೆಗೆಯುವುದು ಅನವಶ್ಯಕ. ಮರಳು ಬ್ಲಾಸ್ಟಿಂಗ್ ಅಂತೂ ಬಾನೆಟ್, ಟಾಪುಗಳಂಥ ಅಗಲ ತಗಡನ್ನು ಸೊಟ್ಟ ಮಾಡುತ್ತದೆ, ಅದರ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶ ಕೆಡಿಸುತ್ತದೆ. ಬರಿತಗಡು ಮಾಡಿದಷ್ಟಕ್ಕೆ ಅಂದೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಅಗ್ಗದ ರೆಡ್ ಆಕ್ಸೈಡ್ ಒಂದನ್ನೇ ನಂಬಿದರೆ ತೇವ ನುಸುಳುತ್ತದೆ. ತುಕ್ಕಿನ ಮೇಲೆಯೇ ಡಾಂಬರು ಬಳಿಯುವುದು ಇನ್ನೂ ಕೆಟ್ಟದ್ದು, ರೋಗವನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಈ ಸೀಮೆಗಿರುವ ಅನುಕೂಲವೆಂದರೆ ಏಪ್ರಿಲ್-ಮೇ ಬಿಸಿಲು. ಟೊಳ್ಳುಗಳನ್ನು ಪ್ರೆಶರ್ ನೀರಿನಿಂದ ತೊಳೆದು ಆಗ ಒಣಗಿಸಿ, ತೂತುಬಿದ್ದ ತಗಡು ಕತ್ತರಿಸಿ ಹೊಸದನ್ನು ಬೆಸೆದು, ಉಳಿದ ತುಕ್ಕಿನ ಕಲೆಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು ಮತ್ತೆ ಒಣಗಿಸಿ, ಕೊನೆಗೆ ಒಳಕ್ಕೆ ಮೇಣ ಸಿಂಪಡಿಸಿದರೆ ಜೂನ್‌ನ ಮಳೆಗೆ ಗಾಡಿ ಸಿದ್ಧ. ಬಾಗಿಲಡಿಯ ನೀರು ಇಳಿಯುವ ತೂತುಗಳಿಗೆ ಮಾತ್ರ ಯಾರೂ ಅಂದಕ್ಕೆಂದು ಪುಟ್ಟಿ ತುಂಬದಂತೆ ನಿಂತು ನೋಡಿಕೊಳ್ಳಬೇಕು.