ಇಟ್ಟಿಗೆಯಂತೆ ಕಟ್ಟಿದ ಮರದ ಬಾಗು

ಕಮೋಡ್ ಎಂದರೆ ನಮಗೆ ಶೌಚದ ಪೀಠ. ಫ್ರೆಂಚರಿಗೆ ಅದು ‘ಅನುಕೂಲಕರ’ ಎಂಬರ್ಥದ ಸಾದಾ ಮಾತು. 1700ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹೊಸದಾಗಿ ಬಂದ, ಎಳೆಯುವ ಖಾನೆಗಳ ಗಿಡ್ಡ ಪೆಟ್ಟಿಗೆಗೆ ಆ ಹೆಸರು ಬಿತ್ತು. ಸಂದೂಕದಲ್ಲಿ ತಳದ ಬಟ್ಟೆ ಬೇಕಾದರೆ ಮೇಲಿನದನ್ನೆಲ್ಲ ಹೊರಗೆ ಹಾಕಬೇಕು. ಇಲ್ಲಿ ಬೇಕಾದ ಖಾನೆ ಎಳೆದರೆ ಆಯಿತು. 1708ರಲ್ಲಿ ಆಂದ್ರೆ-ಶಾರ್ಲ್ ಬೂಲ್ ಎಂಬ ಕುಶಲಿ 14ನೆಯ ಲೂಯಿಯ ತ್ರಿಯನಾನ್ ಅರಮನೆಗೆ ಇಂಥ ಎರಡನ್ನು ಮಾಡಿಕೊಟ್ಟ. ಮುಂದಿನ ಐವತ್ತು ವರ್ಷಗಳಲ್ಲಿ ಪೆಟ್ಟಿಗೆಯ ಮುಖ ಹಾವಿನಂತೆ ಬಳುಕಿತು, ಕುಂಬಳಕಾಯಿಯಂತೆ ಉಬ್ಬಿತು. ಮೇಲೆ ಹೊಳೆಯುವ ಅಪರೂಪದ ಮರದ ತೆಳುಹಾಳೆ, ಅಂದರೆ ವೆನೀರ್. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಆ ಬಾಗನ್ನು ಹೊತ್ತಿರುವುದು ಒಳಗಿನ ಅಗ್ಗದ ಮರ. ಅದನ್ನು ಹೇಗೆ ಕಟ್ಟುತ್ತಾರೆಂಬುದೇ ಈ ಕಸುಬಿನ ತಿರುಳು.

ಅಳತೆ ಹಿಡಿದೇ ನೋಡೋಣ. ಮೂರು ಖಾನೆಗಳ ಪುಟ್ಟ ಪೆಟ್ಟಿಗೆ, ಅಗಲ 450 ಮಿಲಿಮೀಟರ್, ಮುಖ ನಡುವೆ 40 ಮಿ.ಮೀ. ಮುಂದಕ್ಕೆ ಬಾಗಿದೆ. ಅಂಥ ಬಾಗು ಸುಮಾರು 653 ಮಿ.ಮೀ. ತ್ರಿಜ್ಯದ ವೃತ್ತದ ಒಂದು ತುಣುಕು. ಉದ್ದನೆಯ ಪಟ್ಟಿಯ ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಪೆನ್ಸಿಲ್. ತೆಳು ಪ್ಲೈವುಡ್ಡಿನ ಮೇಲೆ ಗೆರೆ ಎಳೆದು ಕತ್ತರಿಸಿಕೊಂಡರೆ ಮಾದರಿ ಸಿದ್ಧ. ಕೊನೆಯವರೆಗೂ ಎಲ್ಲ ಅಳತೆಗೂ ಇದೇ ಆಧಾರ.

ಈ ಮುಖವನ್ನು ಒಂದೇ ದಪ್ಪ ಹಲಗೆಯಿಂದ ಕೊರೆದು ತೆಗೆಯಬಾರದೇ? ತೆಗೆಯಬಹುದು, ಆದರೆ ಮರದ ಎಳೆ ನೇರವಾಗಿಯೇ ಇರುತ್ತದೆ, ಬಾಗುವುದು ಕೊರೆತ ಮಾತ್ರ. ಎರಡೂ ತುದಿಗಳಲ್ಲಿ ಗೆರೆ ಎಳೆಯನ್ನು ಸುಮಾರು 20 ಡಿಗ್ರಿ ಓರೆಯಾಗಿ ಕಡಿದುಕೊಂಡು ಹೋಗುತ್ತದೆ. ಕಡಿದ ಎಳೆ ಅಂಟನ್ನು ಹೀರಿಬಿಡುತ್ತದೆ, ವೆನೀರ್ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಖಾನೆಯ ಪಕ್ಕದ ಹಲಗೆ ಸೇರುವ ಜಾಗವೂ ಅದೇ. ಎಳೆ ಗಿಡ್ಡವಾದಲ್ಲಿ ಮರ ಚಕ್ಕೆಯೇಳುತ್ತದೆ.

ಹಳಬರು ಕಂಡುಕೊಂಡ ಪರಿಹಾರ ಗಾರೆಯವರದು. 20 ಮಿ.ಮೀ. ದಪ್ಪದ, 150 ಮಿ.ಮೀ. ಉದ್ದದ ತುಂಡುಗಳನ್ನು ಮಾದರಿಯ ಗೆರೆಗೆ ಹೊಂದಿಸಿ ಒಂದರ ಪಕ್ಕ ಒಂದಿಟ್ಟು ಅಂಟಿಸುವುದು. ಅದರ ಮೇಲೆ ಎರಡನೆಯ ವರಸೆ, ಕೆಳಗಿನ ಸಂದಿನ ಮೇಲೆ ತುಂಡಿನ ನಡು ಬರುವಂತೆ. ಇಟ್ಟಿಗೆ ಗೋಡೆಯ ಲೆಕ್ಕವೇ. ಆರು ವರಸೆ ಏರಿದರೆ 120 ಮಿ.ಮೀ. ಎತ್ತರದ ಖಾನೆಯ ಮುಖ. ಪ್ರತಿ ತುಂಡೂ ತಾನಿರುವ ಕಡೆಯ ಬಾಗಿಗೆ ತಿರುಗಿ ಕೂರುವುದರಿಂದ ಎಳೆಯ ಓರೆ 20ರಿಂದ 7 ಡಿಗ್ರಿಯೊಳಕ್ಕೆ ಇಳಿಯುತ್ತದೆ. ಉರುವಲಿಗೆ ಹೋಗುವ ತುಂಡುಗಳೂ ಇದಕ್ಕೆ ಸಾಕು. ಇಂದು 3 ಮಿ.ಮೀ. ಬಾಗುವ ಪ್ಲೈವುಡ್ಡಿನ ಆರು ಹಾಳೆಗಳನ್ನು ಅಚ್ಚಿನ ಮೇಲೆ ಒತ್ತಿ ಅಂಟಿಸುವವರೇ ಹೆಚ್ಚು. ಬೇಗ ಆಗುತ್ತದೆ, ಆದರೆ ಅಚ್ಚಿನಿಂದ ಬಿಡಿಸಿದ ಮೇಲೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಒಂದೇ ಪೆಟ್ಟಿಗೆ ಮಾಡುವವರಿಗೆ ನನ್ನ ಸಲಹೆ ಇಟ್ಟಿಗೆ ವಿಧಾನವೇ: ಅಚ್ಚು ಬೇಡ, ತಪ್ಪಾದರೆ ಕೀಸಿ ಸರಿಪಡಿಸಬಹುದು.

ಮೂರು ಮುಖಗಳನ್ನು ಬೇರೆಬೇರೆಯಾಗಿ ನಯ ಮಾಡಬೇಡಿ. ಒಂದರ ಮೇಲೊಂದು ಪೇರಿಸಿ, ಕ್ಲಾಂಪ್ ಬಿಗಿದು, ಒಂದೇ ಮೈಯೆಂಬಂತೆ ಕೀಸಿ. ಕಣ್ಣಿಗಿಂತ ಅಂಗೈ ನಂಬಿಕಸ್ಥ. ಮೇಲಿಂದ ಕೆಳಕ್ಕೆ ಸವರಿದರೆ ಅರ್ಧ ಮಿ.ಮೀ. ಉಬ್ಬೂ ತಿಳಿಯುತ್ತದೆ.

ಪಕ್ಕದ ಹಲಗೆಗಳು ಸೇರುವ ಎರಡು ತುದಿಗಳಲ್ಲಿ ಮಾತ್ರ ಮುಖದ ಒಳಮೈಯನ್ನು ಚಪ್ಪಟೆಯಾಗಿ ಬಿಡಬೇಕು. ಖಾನೆ ನೇರವಾಗಿ ಓಡಬೇಕು, ಡವ್‌ಟೇಲ್ ಜೋಡಣೆಗೆ ಲಂಬಕೋನ ಬೇಕು. ಬಾಗು ಹೊರಗಿನವರಿಗೆ ಮಾತ್ರ.

ಇನ್ನು ವೆನೀರ್. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಗರಗಸದಿಂದಲೇ ಕೊಯ್ಯುತ್ತಿದ್ದರು, ಒಂದೆರಡು ಮಿ.ಮೀ. ದಪ್ಪಕ್ಕೆ. ಈಗಿನದು ಯಂತ್ರದ ಅಲಗು ಸೀಳಿದ್ದು, ಸುಮಾರು 0.6 ಮಿ.ಮೀ. ಪ್ಯಾರಿಸ್ಸಿನವರು ಮೆಚ್ಚಿದ ಬ್ರೆಜಿಲಿನ ಕಿಂಗ್‌ವುಡ್ ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಎರಡೂ ಡಾಲ್ಬರ್ಜಿಯ ಕುಲದವು. 2017ರಿಂದ ಆ ಕುಲದ ಮರಗಳೆಲ್ಲ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿವೆ. ಅಂಥ ಮರದ ಒಂದು ದಿಮ್ಮಿ ನೂರು ಪೆಟ್ಟಿಗೆಗಳಿಗೆ ಹಂಚಿಹೋಗುವುದಾದರೆ, ಹಾಳೆ ಹಚ್ಚುವುದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ.

ಹಳೆಯ ಅಂಟು ಪ್ರಾಣಿಗಳ ತೊಗಲಿನದು, ನಮ್ಮ ಬಡಗಿಗಳ ಮರವಜ್ರ. ನೇರ ಉರಿಗಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮೈಗೂ ಹಾಳೆಗೂ ಬಳಿದು, ಅಗಲ ಬಾಯಿಯ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ತಳ್ಳುತ್ತಾರೆ. ಈ ಸುತ್ತಿಗೆ ಹೊಡೆಯುವುದಕ್ಕಲ್ಲ, ಹೆಚ್ಚಾದ ಅಂಟನ್ನು ಹೊರಹಾಕುವುದಕ್ಕೆ. ಆರಿದ ಮೇಲೆ ಉಗುರಿನಿಂದ ತಟ್ಟಿ. ಪೊಳ್ಳು ಸದ್ದು ಬಂದಲ್ಲಿ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯಿಟ್ಟರೆ ಅಂಟು ಮತ್ತೆ ಕರಗಿ ಹಿಡಿಯುತ್ತದೆ. ಆರುವಾಗ ಹಾಳೆ ಕುಗ್ಗಿ ಮುಖವನ್ನು ತನ್ನತ್ತ ಎಳೆಯುತ್ತದೆ. ಅದಕ್ಕೆ ಹಿಂಬದಿಗೂ ಒಂದು ಸಾದಾ ಹಾಳೆ ಹಚ್ಚುವುದು ಒಳ್ಳೆಯದು.

ಒಂದೇ ದಿಕ್ಕಿನ ಬಾಗಾದರೆ ಇಷ್ಟು ಸಾಕು. ಉಬ್ಬು ಎರಡೂ ದಿಕ್ಕಿಗಿದ್ದರೆ ಕಥೆಯೇ ಬೇರೆ: ಚೆಂಡಿಗೆ ಕಾಗದ ಸುತ್ತಿದರೆ ಮಡಿಕೆ ಬೀಳದೆ ಇರದು. ಪ್ಯಾರಿಸ್ಸಿನವರು ಅಲ್ಲಿ ಹಾಳೆಯನ್ನು ಸಣ್ಣ ವಜ್ರಾಕೃತಿಗಳಾಗಿ, ಹೂಬಳ್ಳಿಗಳಾಗಿ ಕತ್ತರಿಸಿ ಹಚ್ಚಿದರು, ಕಾದ ಮರಳಿನ ಚೀಲಗಳಿಂದ ಒತ್ತಿದರು. ಬಿವಿಆರ್‌ಬಿ ಮುದ್ರೆಯ ಬರ್ನಾರ್ಡ್ ವಾನ್ ರಿಸೆನ್‌ಬರ್ಗ್ ಇನ್ನೂ ಕಠಿಣವಾದುದಕ್ಕೆ ಕೈಹಾಕಿದ. ಜಪಾನಿನ ಅರಗಿನ ಹಲಗೆಯನ್ನು ತೆಳುವಾಗಿ ತೆಗೆದು ಬಾಗಿದ ಮುಖಕ್ಕೆ ಒಗ್ಗಿಸಿದ. ಅವನ ಅಂಥದೊಂದು ಪೆಟ್ಟಿಗೆ 1737ರಲ್ಲಿ ಫಾಂತೆನ್‌ಬ್ಲೋ ಅರಮನೆಗೆ, ರಾಣಿ ಮಾರಿ ಲೆಶ್ಚಿನ್ಸ್ಕಾಳ ಕೋಣೆಗೆ ಹೋಯಿತು.

ಮತ್ತೆ ನಮ್ಮ ಪುಟ್ಟ ಪೆಟ್ಟಿಗೆಗೆ ಬರೋಣ. ಕೊಂಡ ಕಟ್ಟಿನಲ್ಲಿ ವೆನೀರ್ ಹಾಳೆಗಳು ಸೀಳಿದ ಕ್ರಮದಲ್ಲೇ ಇರುತ್ತವೆ. ಬಿಚ್ಚುವ ಮೊದಲು ಸೀಮೆಸುಣ್ಣದಿಂದ ಸಂಖ್ಯೆ ಹಾಕಿ. ಎಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಹಾಳೆ ಸುಲಭವಾಗಿ ಬಾಗುತ್ತದೆ, ಮೂರು ಖಾನೆಗಳ ಮೇಲೆ ಒಂದೇ ಮರ ನಿಂತಂತೆ ಕಾಣುತ್ತದೆ. ಉದ್ದ ಹಾಳೆಯನ್ನು ಮೊದಲು ಮೂರು ಭಾಗ ಮಾಡಿ, ಮೇಲಿನದು ಮೇಲೆ, ಕೆಳಗಿನದು ಕೆಳಗೆ ಹಚ್ಚಿ, ಅಂಚುಗಳನ್ನು ಹರಿತ ಉಳಿಯಿಂದ ಸವರಿ. ಖಾನೆಗಳ ನಡುವಿನ ಸಂದು ಒಂದು ಮಿ.ಮೀ. ಮೀರದಿದ್ದರೆ ಎಳೆ ಎಲ್ಲಿಯೂ ಕಡಿದಂತೆ ತೋರುವುದಿಲ್ಲ.