‘ಪ್ರಾಯವಾಯಿತಲ್ಲ’ ಎಂಬ ಉತ್ತರ

ಇಚಿಲಂಪಾಡಿಯ ಅಡಿಕೆ ತೋಟ, ರಬ್ಬರು ಗುಡ್ಡೆಗಳ ನಡುವಿನ ಮನೆಗಳಲ್ಲಿ ಹಿರಿಯರ ಆರೋಗ್ಯವನ್ನು ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಎರಡು ಬಗೆಯದು. ‘ಏನೂ ತೊಂದರೆಯಿಲ್ಲ ಫಾದರ್’ ಎಂಬುದು ಒಂದು. ‘ಪ್ರಾಯವಾಯಿತಲ್ಲ’ ಎಂಬುದು ಇನ್ನೊಂದು. ಮನೆಮಂದಿ ಇವೆರಡನ್ನೂ ಉಪಚಾರದ ಮಾತೆಂದೇ ಬಗೆಯುತ್ತಾರೆ.

ವಿದ್ವಾಂಸರು ಹಾಗೆ ಬಗೆದಿಲ್ಲ. ಐಡ್ಲರ್ ಮತ್ತು ಬೆನ್ಯಾಮಿನಿ ಎಂಬ ಸಂಶೋಧಕಿಯರು 1997ರಲ್ಲಿ 27 ಅಧ್ಯಯನಗಳನ್ನು ಪರಾಮರ್ಶಿಸಿದರು. ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದು ತಾವೇ ಹೇಳಿಕೊಂಡವರಲ್ಲಿ ಸಾವಿನ ಸಂಭವ ಹೆಚ್ಚೆಂಬುದು, ತಿಳಿದಿರುವ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಬಹುತೇಕ ಅಧ್ಯಯನಗಳಲ್ಲಿ ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2007-08ರಲ್ಲಿ ಭಾರತದ ಆರು ರಾಜ್ಯಗಳ ಹಿರಿಯರಲ್ಲಿ ಇದೇ ಪ್ರಶ್ನೆಯನ್ನು ಕೇಳಿತು, ಕರ್ನಾಟಕವೂ ಅವುಗಳಲ್ಲೊಂದು. ತೋರಿಕೆಯನ್ನು ನಂಬಬಾರದೆಂದು ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಯಲ್ಲಿ ಕಲಿತ ನಮಗೆ, ವೈದ್ಯಶಾಸ್ತ್ರವು ಮುದುಕರ ಅನಿಸಿಕೆಗೆ ಕೊಟ್ಟ ಈ ಮನ್ನಣೆ ಸೋಜಿಗವೆನಿಸಿದ್ದುಂಟು.

ಹಾಗಾದರೆ ‘ತೊಂದರೆಯಿಲ್ಲ’ ಎಂದವರನ್ನು ಅಷ್ಟಕ್ಕೇ ಬಿಟ್ಟುಬಿಡಬಹುದೇ? ಇಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎಚ್ಚರಿಸುತ್ತಾರೆ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಸಮೀಪದ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯೊಂದನ್ನು ಅವರು ಉದಾಹರಿಸಿದ್ದಾರೆ. ಆರೋಗ್ಯ ಸರಿಯಿಲ್ಲವೆಂದು ಹೇಳಿಕೊಂಡ ವಿಧುರರು ಶೇಕಡಾ 48.5, ವಿಧವೆಯರು ಶೇಕಡಾ 2.5 ಮಾತ್ರ! ಕ್ಷಾಮವು ವಿಧವೆಯರನ್ನು ಕಂಡರೆ ಕನಿಕರಿಸಿತ್ತೇ? ನೋವು ತಮ್ಮ ಪಾಲಿನದೇ ಎಂದು ಒಪ್ಪಿಕೊಂಡ ಜೀವಕ್ಕೆ ಅದನ್ನು ದೂರಬೇಕೆಂದೇ ತೋಚುವುದಿಲ್ಲ.

2002ರ ಲೇಖನವೊಂದರಲ್ಲಿ ಸೇನ್ ಅವರು ಕೇರಳವನ್ನೂ ಬಿಹಾರವನ್ನೂ ಹೋಲಿಸಿದರು. ನಮ್ಮಲ್ಲಿನ ಅನೇಕ ಕುಟುಂಬಗಳ ಮೂಲ ನೆಲವಾದ ಕೇರಳದಲ್ಲಿ ಆಯುಷ್ಯವೂ ಹೆಚ್ಚು, ಕಾಯಿಲೆಯ ದೂರೂ ಹೆಚ್ಚು. ಬಿಹಾರದಲ್ಲಿ ಎರಡೂ ಕಡಿಮೆ. ಓದುಬರಹವೂ ಆಸ್ಪತ್ರೆಯೂ ಇದ್ದಲ್ಲಿ ಜನ ಕಾಯಿಲೆಯನ್ನು ಕಾಯಿಲೆಯೆಂದೇ ಗುರುತಿಸುತ್ತಾರೆ. ಇಲ್ಲದಲ್ಲಿ ಅದು ‘ಪ್ರಾಯ’ವಾಗುತ್ತದೆ.

ಆದುದರಿಂದ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. ಅಕ್ಕಿಯಲ್ಲಿನ ಕಲ್ಲು ಕಾಣಿಸುತ್ತದೆಯೇ? ತೋಟದಿಂದ ಮೇಲೇರುವಾಗ ಏದುಸಿರು ಬರುತ್ತದೆಯೇ? ರಾತ್ರಿ ಎಷ್ಟು ಬಾರಿ ಏಳಬೇಕಾಗುತ್ತದೆ? ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಔಷಧದಿಂದ ಹತೋಟಿಗೆ ಬರುವಂಥವು. ಇವನ್ನೆಲ್ಲ ಪ್ರಾಯದ ಲೆಕ್ಕಕ್ಕೆ ಬರೆದುಬಿಡುವುದು ಹಿರಿಯರಿಗೆ ನಾವು ಮಾಡುವ ಅನ್ಯಾಯ. ಅಜ್ಜನನ್ನು ಕಡಬಕ್ಕೋ ಪುತ್ತೂರಿಗೋ ವೈದ್ಯರ ಬಳಿ ಕರೆದೊಯ್ಯುವ ದಿನ ಅದೇ ವಾಹನದಲ್ಲಿ ಅಜ್ಜಿಗೂ ಜಾಗವಿರಲಿ, ಆಕೆ ‘ನನಗೇನೂ ಇಲ್ಲ’ ಎಂದರೂ.