ಭಾನುವಾರದ ಮನೆಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆಕ್ಸಾಸಿನ ಮಧ್ಯಭಾಗದಲ್ಲಿ ಗಿಲೆಸ್ಪಿ ಕೌಂಟಿ ಎಂಬ ಸೀಮೆಯುಂಟು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ವಿಭಾಗ. ಸುಣ್ಣಕಲ್ಲಿನ ಗುಡ್ಡಗಳು, ತೆಳುವಾದ ಮಣ್ಣು, ನೆಚ್ಚಲಾಗದ ಮಳೆ. ಇಂತಹ ನೆಲಕ್ಕೆ 1846ರ ಮೇ ತಿಂಗಳಿನಲ್ಲಿ ಜರ್ಮನ್ ಕುಟುಂಬಗಳು ಬಂಡಿಗಳಲ್ಲಿ ಬಂದಿಳಿದು ಫ್ರೆಡರಿಕ್ಸ್‌ಬರ್ಗ್ ಎಂಬ ಊರನ್ನು ಕಟ್ಟಿದುವು. ಮರುವರ್ಷವೇ ಅವರ ಮುಖಂಡನಾದ ಮಾಯ್ಸೆಬಾಖನು ಆ ಪ್ರಾಂತದ ಮೂಲನಿವಾಸಿಗಳಾದ ಕೊಮಾಂಚೆ ಜನರೊಡನೆ ಸಂಧಿ ಮಾಡಿಕೊಂಡನು.

ಒಕ್ಕಲುಗಳ ಹೊಲಗಳು ಊರಿಗೆ ಬಹುದೂರ. ಆದುದರಿಂದ ಅನೇಕರು ಊರೊಳಗೆ ಚಿಕ್ಕದೊಂದು ಮನೆಯನ್ನು ಕಟ್ಟಿಕೊಂಡರು. ಇವಕ್ಕೆ ‘ಭಾನುವಾರದ ಮನೆ’ಗಳೆಂದು ಹೆಸರು. ಕೆಳಗೆ ಒಂದೆರಡು ಕೋಣೆ, ಮೇಲೆ ಮಕ್ಕಳು ಮಲಗಲು ಅಟ್ಟ. ಅಟ್ಟಕ್ಕೆ ಎಷ್ಟೋ ಮನೆಗಳಲ್ಲಿ ಹೊರಗಿನಿಂದಲೇ ಮೆಟ್ಟಿಲು. ಶನಿವಾರ ಬಂದು ವ್ಯಾಪಾರ ಮುಗಿಸುವರು. ಭಾನುವಾರ ದೇವರ ಪ್ರಾರ್ಥನೆಯಾದ ಮೇಲೆ ಬಂಡಿ ಹೂಡುವರು. ಮುಪ್ಪು ಬಂದಾಗ ಹೊಲವನ್ನು ಮಗನಿಗೊಪ್ಪಿಸಿ ದಂಪತಿಗಳು ಈ ಮನೆಗೇ ಬಂದು ನೆಲಸುವುದೂ ಉಂಟು. ಇದೊಂದು ಬಗೆಯ ವಾನಪ್ರಸ್ಥವೇ ಸರಿ. ಆದರೆ ಊರಿನಿಂದ ಕಾಡಿಗಲ್ಲ, ಕಾಡಿನಿಂದ ಊರಿಗೆ!

ಈ ಮನೆಗಳ ಮಾತು ಜರ್ಮನ್. ಹೊಸ ನಾಡಿನಲ್ಲಿ ಕಂಡ ಹೊಸ ವಸ್ತುಗಳಿಗೆ ಅವರು ಹಳೆಯ ಪದಗಳನ್ನೇ ಸಮಾಸಮಾಡಿ ಹೆಸರಿಟ್ಟರು. ದುರ್ಗಂಧವನ್ನು ಸೂಸುವ ಸ್ಕಂಕ್ ಎಂಬ ಪ್ರಾಣಿ ಅವರಿಗೆ ‘ಷ್ಟಿಂಕ್‌ಕಾಟ್ಸೆ’, ಎಂದರೆ ನಾರುವ ಬೆಕ್ಕು. ವಿಮಾನವು ‘ಲುಫ್ಟ್‌ಷಿಫ್’, ವಾಯುನೌಕೆ. ಜರ್ಮನಿಯವರು ಈಗ ವಿಮಾನಕ್ಕೆ ಬೇರೆ ಹೆಸರನ್ನು ಹೇಳುವರು; ವ್ಯಾಕರಣ ಬಲ್ಲವರಿಗೆ ಈ ಒಕ್ಕಲಿಗರ ಪದವೇ ರುಚಿಸೀತು.

1917ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಹೂಡಿತು. ಮನೆಮಾತು ಶತ್ರುವಿನ ಮಾತಾಯಿತು. 1918ರಲ್ಲಿ ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಪಾಠ ನಡೆಯಬೇಕೆಂದು ಕಾನೂನಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪೆಸಿಫಿಕ್ ನೌಕಾಬಲವನ್ನು ನಡೆಸಿದ ನಿಮಿಟ್ಸ್ ಸೇನಾನಿ 1885ರಲ್ಲಿ ಜನಿಸಿದುದು ಈ ಫ್ರೆಡರಿಕ್ಸ್‌ಬರ್ಗಿನ ಜರ್ಮನ್ ಮನೆತನದಲ್ಲಿಯೇ. ಆದರೂ ಮಾತಿನ ಮೇಲಣ ಶಂಕೆ ತೊಲಗಲಿಲ್ಲ. ಕಾನೂನು ಶಾಲೆಯ ಬಾಗಿಲಲ್ಲಿ ನಿಲ್ಲತಕ್ಕದ್ದು. ಅಡಿಗೆಯ ಮನೆಗೆ ಅದು ಬರಲಾರದು. ಅಲ್ಲಿ ಮಾತನ್ನು ನಿಲ್ಲಿಸಿದವರು ತಾಯಿತಂದೆಗಳೇ. ಮಕ್ಕಳು ನಾಲ್ಕು ಜನರಲ್ಲಿ ಹೀನಾಯವಾಗಬಾರದೆಂದು, ತಮ್ಮತಮ್ಮೊಳಗೆ ಜರ್ಮನನ್ನಾಡುತ್ತ ಮಕ್ಕಳೊಡನೆ ಇಂಗ್ಲಿಷನ್ನಾಡಿದರು. ಅವರನ್ನು ಹಳಿಯಲು ನನಗೆ ಬಾಯಿ ಬಾರದು.

2001ರಿಂದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಆ ಸಂಸ್ಥಾನದಲ್ಲಿ ಉಳಿದಿರುವ ಜರ್ಮನ್ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾರೆ. ಅದನ್ನು ಆಡಬಲ್ಲವರೆಲ್ಲ ವೃದ್ಧರು. ಭಾನುವಾರದ ಮನೆಗಳು ಇನ್ನೂ ಕೆಲವು ನಿಂತಿವೆ. ಪ್ರವಾಸಿಗಳು ಬಾಡಿಗೆ ಕೊಟ್ಟು ಅವುಗಳಲ್ಲಿ ತಂಗುವರು. ಊರಿನ ಮಕ್ಕಳು ಸ್ಕಂಕನ್ನು ಸ್ಕಂಕ್ ಎಂದೇ ಕರೆಯುವರು.